ಚೆಫಲೂ (ಸಿಸಿಲಿ): ಬೆಳಗ್ಗೆ ಹೋಗಿ ಸಂಜೆ ಬಂದರೆ ಸಾಕಾ, ರಾತ್ರಿ ಉಳಿಯಬೇಕಾ?

ಗಾಳಿಪಟ
ಜೂನ್ ಎರಡನೇ ವಾರ ಸಿಸಿಲಿ. ಪಲೆರ್ಮೋದಲ್ಲಿ ನಾಲ್ಕು ರಾತ್ರಿ ಪಕ್ಕಾ ಆಗಿದೆ. ಅಲ್ಲಿಂದ ಚೆಫಲೂಗೆ ಒಂದು ದಿನದ ಮಟ್ಟಿಗೆ ಹೋಗಿ ಬಂದರೆ ಸಾಕಾ, ಇಲ್ಲ ಒಂದು ರಾತ್ರಿ ಅಲ್ಲೇ ಇರಬೇಕಾ? ನೋಡಬೇಕು ಅಂತಿರೋದು ಕೆಥೆಡ್ರಲ್, ಊರ ಮೇಲಿನ ಬಂಡೆಬೆಟ್ಟ, ಸಮುದ್ರ. ಜೊತೆಗೆ ಅಪ್ಪ, ಅಮ್ಮ. ಅಮ್ಮನಿಗೆ ಮಂಡಿ ನೋವು. ಇಬ್ಬರೂ ಮೊಟ್ಟೆ ಕೂಡ ಮುಟ್ಟಲ್ಲ. ಗೊತ್ತಿರೋರು ಗಂಟೆ ಲೆಕ್ಕದಲ್ಲಿ ಹೇಳಿ. "ಸೂಪರ್ ಜಾಗ, ಮಿಸ್ ಮಾಡ್ಕೋಬೇಡಿ" ಅನ್ನೋ ಉತ್ತರ ಬೇಡ, ದಯವಿಟ್ಟು.

ಕಲ್ಲುಮಂಟಪ
ರಾತ್ರಿ ಉಳಿಯಿರಿ. ಊರು ದೊಡ್ಡದು ಅಂತಲ್ಲ. ಹಳೇ ಊರನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಹದಿನೈದು ನಿಮಿಷದಲ್ಲಿ ನಡೆದು ಮುಗಿಸಬಹುದು. ತೊಂದರೆ ಕೊಡೋದು ಮಧ್ಯಾಹ್ನ. ಒಂದರಿಂದ ನಾಲ್ಕರವರೆಗೆ ಬಹಳಷ್ಟು ಅಂಗಡಿಗಳು ಬಾಗಿಲು ಹಾಕುತ್ತವೆ, ಚರ್ಚಿಗೂ ಮಧ್ಯಾಹ್ನದ ಬಿಡುವು ಇರಬಹುದು, ಬಂಡೆ ಮೇಲೆ ಕಾಲಿಡಕ್ಕಾಗಲ್ಲ. ಪಲೆರ್ಮೋದಿಂದ ಒಂಬತ್ತೂವರೆ–ಹತ್ತರ ರೈಲು ಹಿಡಿದವರು ಊರು ಸೇರುವಾಗ ಹನ್ನೊಂದು. ಆಮೇಲೆ ಕೆಥೆಡ್ರಲ್ ಬಾಗಿಲು ಮುಚ್ಚೋದರೊಳಗೆ ಓಡುವುದು, ಉರಿಬಿಸಿಲಲ್ಲಿ ಬಂಡೆ ಹತ್ತುವುದು, ನಾಲ್ಕಕ್ಕೆ ಸುಸ್ತಾಗಿ ವಾಪಸ್ ರೈಲು. ಊರು ನಿಜವಾಗಿ ಚೆನ್ನಾಗಿ ಕಾಣುವ ಎರಡು ಹೊತ್ತು, ಅಂದರೆ ಬೆಳಗ್ಗೆ ಎಂಟು–ಹತ್ತು ಮತ್ತು ಸಂಜೆ ಆರು–ಒಂಬತ್ತು, ಅವರ ಕೈಗೆ ಸಿಗೋದೇ ಇಲ್ಲ.

ಬಂಡೆಯಿಂದ ಶುರು ಮಾಡಿ. ಲಾ ರೊಕ್ಕಾ ಸುಮಾರು 270 ಮೀಟರ್ ಎತ್ತರದ ಸುಣ್ಣಕಲ್ಲಿನ ಗುಡ್ಡ, ಹಳೇ ಊರಿನ ಬೆನ್ನಿಗೇ ಇದೆ. ಊರು ಅದರ ಪಶ್ಚಿಮ ಬುಡದಲ್ಲಿರುವುದರಿಂದ, ಹತ್ತುವ ದಾರಿಗೆ ಬೆಳಗ್ಗೆ ಗುಡ್ಡದ್ದೇ ನೆರಳು. ಗೇಟು ತೆರೆದ ಕೂಡಲೇ ಹೊರಟರೆ ಅರ್ಧ ದಾರಿ ನೆರಳಲ್ಲೇ ಸಾಗುತ್ತದೆ. ಹತ್ತೂವರೆ ದಾಟಿದರೆ ಅದೇ ದಾರಿ ಹೆಂಚಿನ ಹಾಗೆ ಕಾಯುತ್ತದೆ.

ದಾರಿ: ಮುಖ್ಯ ಬೀದಿ ಕೊರ್ಸೋ ರುಜ್ಜೇರೋದಲ್ಲಿ ಪಿಯಾತ್ಸಾ ಗರಿಬಾಲ್ಡಿ ಕಡೆಯಿಂದ ಸಲೀತಾ ಸರಚೇನಿ ಅನ್ನುವ ಮೆಟ್ಟಿಲ ಓಣಿ ಹಿಡಿಯಿರಿ. ಮೇಲೆ ಟಿಕೆಟ್ ಗೇಟು. ಆಮೇಲೆ ಕಲ್ಲು ಹಾಸಿದ ಮೆಟ್ಟಿಲು, ಕೋಟೆ ಗೋಡೆ, ಪೈನ್ ಮರಗಳು. ಅರ್ಧ ಎತ್ತರದಲ್ಲಿ "ಡಯಾನಾ ದೇವಾಲಯ" ಅಂತ ಕರೆಯುವ ಕಟ್ಟಡ: ಗಾರೆಯಿಲ್ಲದೆ ದೊಡ್ಡ ದೊಡ್ಡ ಕಲ್ಲು ಜೋಡಿಸಿದ ಗೋಡೆ, ಪಕ್ಕದಲ್ಲಿ ಅದಕ್ಕಿಂತ ಹಳೇ ನೀರಿನ ತೊಟ್ಟಿ. ಸಾಮಾನ್ಯ ನಡಿಗೆಯಲ್ಲಿ ಗೇಟಿನಿಂದ ಇಲ್ಲಿಗೆ 25–30 ನಿಮಿಷ, ತುದಿಯ ಹಾಳುಕೋಟೆಗೆ ಇನ್ನೊಂದು 25–30. ತುದಿಯಲ್ಲಿ ಉಳಿದಿರೋದು ಪಾಯ, ಮೊಂಡು ಗೋಡೆ ಅಷ್ಟೇ, ಹೋಗೋದು ನೋಟಕ್ಕಾಗಿ. ಕೆಥೆಡ್ರಲ್‌ನ ಎರಡು ಗೋಪುರ ನೆತ್ತಿಯಿಂದ ಕಾಣುತ್ತವೆ. ಒಂದರ ಮೊನೆ ಚೌಕ, ಇನ್ನೊಂದರದ್ದು ಎಂಟು ಮೂಲೆ. ಇಲ್ಲಿಂದಲೇ ಅದು ಸ್ಪಷ್ಟವಾಗಿ ಗೊತ್ತಾಗೋದು.

ಎಡವಟ್ಟಾಗೋದು ಇಳಿಯುವಾಗ. ಸುಣ್ಣಕಲ್ಲು ಸಾವಿರಾರು ಕಾಲು ತಿಕ್ಕಿ ನುಣುಪಾಗಿದೆ, ಮೇಲೆ ಸಣ್ಣ ಮರಳು, ಪೈನ್ ಎಲೆ. ಚಪ್ಪಲಿ, ಬೀಚ್ ಸ್ಲಿಪ್ಪರ್ ಬೇಡವೇ ಬೇಡ; ತಳದಲ್ಲಿ ಹಲ್ಲಿರುವ ಶೂ ಬೇಕು. ನೀರು ತಲೆಗೊಂದು ಲೀಟರ್ ಕೆಳಗಿನಿಂದಲೇ ತುಂಬಿಕೊಳ್ಳಿ. ಮಳೆ ಬಂದರೆ, ಗಾಳಿ ಜೋರಾದರೆ ಗೇಟು ಮುಚ್ಚುತ್ತಾರೆ.

ಅಮ್ಮನಿಗೆ ಇದು ಬೇಡ. ಮೆಟ್ಟಿಲು ಒಂದೇ ಎತ್ತರದ್ದಲ್ಲ, ಹಿಡಿದುಕೊಳ್ಳೋಕೆ ಎಲ್ಲ ಕಡೆ ಕಂಬಿಯೂ ಇಲ್ಲ. "ದೇವಾಲಯದ ತನಕ ಮಾತ್ರ" ಅಂದುಕೊಂಡರೂ ಮಂಡಿಗೆ ಪೆಟ್ಟು ಬೀಳೋದು ಆ ಅರ್ಧದಲ್ಲೇ.

ಬಿಸಿಲುಕುದುರೆ
ಕಲ್ಲುಮಂಟಪ ಸಾರ್, ಒಂದು ತಕರಾರು. ಫೋಟೋ ಬೇಕಾದವರಿಗೆ ಬೆಳಗ್ಗೆ ಬಂಡೆ ದಂಡ. ಊರು ನೆರಳಲ್ಲಿರುತ್ತದೆ, ಚಿತ್ರ ಮಂಕು. ಸಂಜೆ ಪಶ್ಚಿಮದ ಬೆಳಕು ಊರಿನ ಹೆಂಚು, ಕೆಥೆಡ್ರಲ್ ಮುಖ, ಮರಳು ಎಲ್ಲದರ ಮೇಲೂ ಬೀಳುತ್ತದೆ.

ಕಲ್ಲುಮಂಟಪ
ಬೆಳಕಿನ ಮಾತು ಒಪ್ಪಿದೆ. ಆದರೆ ಕೊನೆಯ ಪ್ರವೇಶ ಮುಚ್ಚುವ ಹೊತ್ತಿಗಿಂತ ಬಹಳ ಮುಂಚೆಯೇ ನಿಲ್ಲುತ್ತದೆ, ಋತುವಿಗೆ ತಕ್ಕ ಹಾಗೆ ಬದಲಾಗುತ್ತದೆ. ಸೂರ್ಯಾಸ್ತದವರೆಗೆ ಮೇಲೆ ಕೂತಿರಲು ಬಿಡಲ್ಲ. ಸಂಜೆಯೇ ಬೇಕು ಅಂದರೆ ಹಿಂದಿನ ದಿನ ಗೇಟಿನ ಬೋರ್ಡು ಓದಿಕೊಂಡು, ನಾಲ್ಕರ ಸುಮಾರಿಗೆ ಹತ್ತಿ. ಬಿಸಿಲು ನೇರ ಬೆನ್ನಿಗೆ ಹೊಡೆಯುತ್ತದೆ, ಟೋಪಿ ಇರಲಿ.

ಊರಿನ ಒಳ್ಳೇ ಚಿತ್ರ ಬೇಕಾದರೆ ಬಂಡೆ ಹತ್ತಲೇಬೇಕಿಲ್ಲ. ಸಂಜೆ ಬೀಚಿನ ಪಶ್ಚಿಮ ತುದಿಯತ್ತ ಅರ್ಧ ಕಿಲೋಮೀಟರ್ ನಡೆದು ಹಿಂದಿರುಗಿ ನೋಡಿ. ನೀರಿನಂಚಿಗೆ ಒತ್ತಿಕೊಂಡ ಮನೆಗಳು, ಗೋಪುರ, ಬೆನ್ನಿಗೆ ಬಂಡೆ, ಎಲ್ಲ ಒಂದೇ ಚೌಕಟ್ಟಿಗೆ ಬರುತ್ತವೆ. ಬೆಳಗ್ಗೆ ಅದೇ ಜಾಗದಲ್ಲಿ ಸೂರ್ಯ ಬಂಡೆಯ ಹಿಂದಿನಿಂದ ಲೆನ್ಸಿಗೇ ಹೊಡೆಯುತ್ತಾನೆ.

ಮೊಸಾಯಿಕ್ ಮಾವ
ಕೆಥೆಡ್ರಲ್ ನನ್ನ ಪಾಲಿಗೆ ಬಿಡಿ.

ಸಿಸಿಲಿಯ ರಾಜ ಎರಡನೇ ರೋಜರ್ 1131ರಲ್ಲಿ ಕಟ್ಟಲು ಶುರು ಮಾಡಿಸಿದ್ದು. ಬಿರುಗಾಳಿಗೆ ಸಿಕ್ಕ ಹಡಗು ಇಲ್ಲಿ ದಡ ಸೇರಿದ್ದಕ್ಕೆ ಹರಕೆ ಅಂತ ಕಥೆ ಇದೆ, ಕಥೆಯಾಗಿಯೇ ಕೇಳಿ. ಒಳಗೆ ಹೋಗುವ ಮುಂಚೆ ಪಕ್ಕದಿಂದ ಒಮ್ಮೆ ನೋಡಿ: ಹಿಂಭಾಗ ಎತ್ತರ, ಮುಂದಿನ ಉದ್ದನೆಯ ಭಾಗ ತಗ್ಗು. ಶುರುವಿನ ಯೋಜನೆ ಭಾರಿಯಾಗಿತ್ತು, ಮುಂದೆ ಕಟ್ಟುತ್ತಾ ಅದನ್ನು ಇಳಿಸಿದರು. ಆ ಹೊಲಿಗೆ ಇವತ್ತಿಗೂ ಕಾಣುತ್ತದೆ. ಈಗಿನ ಮುಂಭಾಗದ ಕಮಾನುಸಾಲು 1240ರದ್ದು, ಬಾಗಿಲ ಮುಂದಿನ ಮಂಟಪ ಹದಿನೈದನೇ ಶತಮಾನದ್ದು.

ರೋಜರ್ ತನ್ನ ಸಮಾಧಿಗೆಂದು 1145ರಲ್ಲಿ ಕೆಂಗಲ್ಲಿನ ಎರಡು ಶವಪೆಟ್ಟಿಗೆ ಇಲ್ಲಿ ಇಡಿಸಿದ್ದ. 1154ರಲ್ಲಿ ಸತ್ತಾಗ ಹೂಳಿದ್ದು ಪಲೆರ್ಮೋದಲ್ಲಿ. ಪೆಟ್ಟಿಗೆಗಳನ್ನೂ ಮೊಮ್ಮಗ ಎರಡನೇ ಫ್ರೆಡರಿಕ್ 1215ರಲ್ಲಿ ಪಲೆರ್ಮೋಗೆ ಸಾಗಿಸಿಬಿಟ್ಟ. ನೀವು ಪಲೆರ್ಮೋ ಕೆಥೆಡ್ರಲ್‌ಗೂ ಹೋಗ್ತೀರಲ್ಲ, ಅಲ್ಲಿ ಕಾಣುವ ಕೆಂಗಲ್ಲಿನ ಸಮಾಧಿಗಳಲ್ಲಿ ಇವೂ ಸೇರಿವೆ.

ಒಳಗೆ ನೇರ ಮುಂದಕ್ಕೆ ಹೋಗಿ. ಅರ್ಧಗುಮ್ಮಟದಲ್ಲಿ ಪ್ಯಾಂಟೊಕ್ರೇಟರ್, ಅಂದರೆ ಸರ್ವಶಕ್ತ ಕ್ರಿಸ್ತನ ಮೊಸಾಯಿಕ್ (ಬಣ್ಣದ ಚೂರು ಜೋಡಿಸಿದ ಚಿತ್ರ). ಬೈಜಾಂಟಿಯಂ ಶೈಲಿಯ ಕುಶಲಕರ್ಮಿಗಳ ಕೆಲಸ, ಶಾಸನದಲ್ಲಿ 1148 ಅಂತ ಇದೆ. ಕೆಳಗಿನ ಸಾಲಲ್ಲಿ ಕೈ ಎತ್ತಿ ಪ್ರಾರ್ಥಿಸುವ ಮೇರಿ, ಅತ್ತಿತ್ತ ನಾಲ್ವರು ಪ್ರಧಾನ ದೇವದೂತರು. ಅದರ ಕೆಳಗೆ ಎರಡು ಸಾಲಲ್ಲಿ ಆರಾರು ಅಪೊಸ್ತಲರು. ಸಣ್ಣ ಬೈನಾಕ್ಯುಲರ್ ತಗೊಂಡು ಹೋಗಿ, ನಿಜವಾಗಲೂ. ಕ್ರಿಸ್ತನ ಹಣೆ ಮೇಲೆ ಎರಡು ಎಳೆ ಕೂದಲು ಬಾಚಣಿಗೆಗೆ ತಪ್ಪಿಸಿಕೊಂಡು ಇಳಿದಿರೋದು ಬರಿಗಣ್ಣಿಗೆ ಸರಿಯಾಗಿ ಕಾಣಲ್ಲ. ಎಡಗೈಯಲ್ಲಿ ತೆರೆದ ಪುಸ್ತಕ: ಒಂದು ಪುಟ ಗ್ರೀಕ್, ಇನ್ನೊಂದು ಲ್ಯಾಟಿನ್, ವಾಕ್ಯ ಒಂದೇ, "ನಾನು ಲೋಕದ ಬೆಳಕು" ಅಂತ ಶುರುವಾಗುವ ಯೋಹಾನನ ಸುವಾರ್ತೆಯ ಮಾತು. ಎರಡು ಭಾಷೆಯ ಪ್ರಜೆಗಳಿಗೆ ಒಬ್ಬನೇ ರಾಜ. ಶಿಲಾಶಾಸನ ಓದಿ ಬೆಳೆದ ನಮಗೆ ಇದು ತಟ್ಟನೆ ಅರ್ಥವಾಗುತ್ತೆ.

ಪಲೆರ್ಮೋ ಹತ್ತಿರದ ಮೊನ್ರೆಯಾಲೆ ಕೆಥೆಡ್ರಲ್ ಜೊತೆ ಹೋಲಿಸಿ "ಅಲ್ಲಿ ಗೋಡೆಯೆಲ್ಲ ಚಿನ್ನ, ಇಲ್ಲಿ ಒಂದು ಮೂಲೆ ಮಾತ್ರ" ಅಂತ ಮೂಗು ಮುರಿಯೋರಿದ್ದಾರೆ. ಮೊಸಾಯಿಕ್ ಇಲ್ಲಿ ಕಡಿಮೆ, ಆದರೆ ಮೇಲ್ಮಟ್ಟದ್ದು. ಅದೂ ಮೊನ್ರೆಯಾಲೆಗಿಂತ ಒಂದು ತಲೆಮಾರು ಮುಂಚಿನದ್ದು. 2015ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದಾಗ ಪಲೆರ್ಮೋ, ಮೊನ್ರೆಯಾಲೆ, ಚೆಫಲೂ ಒಟ್ಟಿಗೇ ಸೇರಿದವು.

ಒಳಗೆ ಹೋಗಲು ಭುಜ, ಮಂಡಿ ಮುಚ್ಚಿರಬೇಕು. ಬೀಚಿನಿಂದ ನೇರ ಬರೋರನ್ನು ಬಾಗಿಲಲ್ಲೇ ನಿಲ್ಲಿಸುತ್ತಾರೆ, ಬ್ಯಾಗಲ್ಲೊಂದು ಶಾಲು ಇರಲಿ. ಗೋಪುರ, ಕ್ಲಾಯ್‌ಸ್ಟರ್ (ಸುತ್ತ ಕಂಬಸಾಲಿರುವ ಒಳಾಂಗಳ), ಖಜಾನೆಗೆ ಬೇರೆ ಟಿಕೆಟ್. ಗೋಪುರದಲ್ಲಿ ಮೆಟ್ಟಿಲಿದೆ, ಕ್ಲಾಯ್‌ಸ್ಟರ್ ನೆಲಮಟ್ಟದ್ದು, ಜೋಡಿಕಂಬಗಳ ತಲೆಯ ಕೆತ್ತನೆಗೆ ಅಷ್ಟು ಕೊಡಬಹುದು. ಭಾನುವಾರ ಬೆಳಗ್ಗೆ ಪೂಜೆ ಹೊತ್ತಲ್ಲಿ ಓಡಾಡಕ್ಕೆ ಬಿಡಲ್ಲ.

ಗಾಳಿಪಟ
ಮಾವ, ಬೈನಾಕ್ಯುಲರ್ ಪಟ್ಟಿಗೆ ಸೇರಿತು. ಮಧ್ಯಾಹ್ನದ ಆ ಮೂರು ಗಂಟೆ ಏನು ಮಾಡೋದು? ಅಪ್ಪ ಅಮ್ಮನ್ನ ಬಿಸಿಲಲ್ಲಿ ಸುತ್ತಿಸಕ್ಕಾಗಲ್ಲ.

ಮೊಸಾಯಿಕ್ ಮಾವ
ಮಂದ್ರಾಲಿಸ್ಕಾ ಮ್ಯೂಸಿಯಂ. ಕೆಥೆಡ್ರಲ್ ಚೌಕದಿಂದ ಎರಡು ನಿಮಿಷ, ಅದೇ ಹೆಸರಿನ ಓಣಿಯಲ್ಲಿ. ಹತ್ತೊಂಬತ್ತನೇ ಶತಮಾನದ ಬ್ಯಾರನ್ ಎನ್ರಿಕೋ ಪಿರಾಯ್ನೋ ಕೂಡಿಟ್ಟ ಸಂಗ್ರಹ: ನಾಣ್ಯ, ಚಿತ್ರ, ಸುಮಾರು 20,000 ಚಿಪ್ಪು–ಶಂಖ. ನೋಡಲೇಬೇಕಾದ್ದು ಎರಡು. ಮೊದಲನೆಯದು ಅಂತೊನೆಲ್ಲೋ ದ ಮೆಸ್ಸೀನಾ ಬಿಡಿಸಿದ ಅಪರಿಚಿತನ ಮುಖಚಿತ್ರ. ಮೂವತ್ತು ಸೆಂಟಿಮೀಟರ್ ಚಿಲ್ಲರೆ ಎತ್ತರದ ಸಣ್ಣ ಹಲಗೆ. ಬಾಯಿಯ ಒಂದು ತುದಿಯಲ್ಲಿ ಮಾತ್ರ ನಗು. ಆ ಕುಹಕ ಸಹಿಸದೆ ಔಷಧಿ ಅಂಗಡಿಯವನ ಮಗಳು ಮುಖಕ್ಕೆ ಗೀರಿದಳು ಅಂತ ಐತಿಹ್ಯ. ಎರಡನೆಯದು ಕ್ರಿಸ್ತಪೂರ್ವ ನಾಲ್ಕನೇ ಶತಮಾನದ ಮಣ್ಣಿನ ಪಾತ್ರೆ: ಮೀನು ಮಾರುವವ ದೊಡ್ಡ ಕತ್ತಿ ಹಿಡಿದು ಟ್ಯೂನಾ ಕಡಿಯುತ್ತಿದ್ದಾನೆ, ಎದುರಿಗೆ ಗಿರಾಕಿ ಕಾಸು ಹಿಡಿದು ನಿಂತಿದ್ದಾನೆ. ಚೌಕಾಸಿ ನಡೀತಿದೆ ಅಂತ ಇಬ್ಬರ ನಿಲುವಲ್ಲೇ ಗೊತ್ತಾಗುತ್ತೆ. ಒಂದು ಗಂಟೆ ಧಾರಾಳ ಸಾಕು.

ಅಲ್ಲಿಂದ ವಿಯಾ ವಿತ್ತೋರಿಯೋ ಎಮನುವೇಲೆಯ ಲವತೋಯೋ, ಅಂದರೆ ಹಳೇ ಕಾಲದ ಬಟ್ಟೆ ಒಗೆಯುವ ಕಟ್ಟೆ. ಬೀದಿಯಿಂದ ಬಾಗಿದ ಮೆಟ್ಟಿಲು ಇಳಿದರೆ ಕಮಾನಿನ ಕೆಳಗೆ ತಂಪು. 22 ಬಾಯಿಗಳಿಂದ ನೀರು ಸುರಿಯುತ್ತದೆ, ಅದರಲ್ಲಿ 15 ಸಿಂಹದ ತಲೆ. ಒಗೆಯುವ ಕಲ್ಲು ಇನ್ನೂ ಹಾಗೇ ಇದೆ. ದುಡ್ಡಿಲ್ಲ. ಮೆಟ್ಟಿಲು ಒದ್ದೆ ಇರುತ್ತದೆ, ಅಮ್ಮನ ಕೈ ಹಿಡಿದು ಇಳಿಸಿ. ಇಲ್ಲಾಂದ್ರೆ ಮೇಲಿಂದಲೇ ಬಗ್ಗಿ ನೋಡಿದರೂ ಮುಕ್ಕಾಲು ಕಾಣುತ್ತೆ.

ಅದೇ ಬೀದಿಯಲ್ಲಿ ಮುಂದೆ ಪೋರ್ತಾ ಪೆಸ್ಕಾರಾ, ಹಳೇ ಬಂದರಿಗೆ ತೆರೆಯುವ ಕಮಾನು ಬಾಗಿಲು. ಹತ್ತು ಜನ ಫೋಟೋಗೆ ಕ್ಯೂ ನಿಂತಿರ್ತಾರೆ. ಬಿಟ್ಟು ಮುಂದೆ ಹೋಗಿ ಬಂದರಿನ ಕಟ್ಟೆ ಮೇಲೆ ಕೂತರೆ ನೋಟ ಇನ್ನೂ ಚೆಂದ.

ಉಪ್ಪುನೀರು
ಸಮುದ್ರದ ಬಗ್ಗೆ ಯಾರೂ ಮಾತೇ ಎತ್ತಿಲ್ಲ. ಗೋಕರ್ಣ, ಮಲ್ಪೆ ನೋಡಿದ ಕಣ್ಣಿಗೆ ಮೊದಲು ಹೊಳೆಯೋದು ಭರತ–ಇಳಿತ ಇಲ್ಲದಿರೋದು. ನಮ್ಮಲ್ಲಿ ಒಂದೆರಡು ಮೀಟರ್ ನೀರು ಏರಿ ಇಳಿದರೆ ಅಲ್ಲಿ ಗೇಣು ಲೆಕ್ಕ. ಹಾಗಾಗಿ ಯಾವ ಹೊತ್ತಲ್ಲಿ ಇಳಿಯೋದು ಅಂತ ಉಬ್ಬರದ ಪಟ್ಟಿ ನೋಡೋ ಕೆಲಸ ಇಲ್ಲ. ನೋಡಬೇಕಾದ್ದು ಗಾಳಿ. ವಾಯವ್ಯದಿಂದ ಬೀಸುವ ಮಯೆಸ್ತ್ರಾಲೆ ಬಂತು ಅಂದರೆ ಉತ್ತರಕ್ಕೆ ಮುಖ ಮಾಡಿದ ಈ ಬೀಚಿಗೆ ನೇರ ಅಲೆ, ಕೆಂಪು ಬಾವುಟ. ದಕ್ಷಿಣದ ಶಿರೊಕ್ಕೋ ಬೀಸಿದರೆ ನೀರು ಶಾಂತ, ಆದರೆ ಸೆಕೆ ತಡೆಯಕ್ಕಾಗಲ್ಲ.

ಮರಳಿನ ಬೀಚು ಊರಿಂದ ಪಶ್ಚಿಮಕ್ಕೆ ಸುಮಾರು ಒಂದೂವರೆ ಕಿಲೋಮೀಟರ್. ನೀರು ನಿಧಾನ ಆಳವಾಗುತ್ತದೆ, ವಯಸ್ಸಾದವರಿಗೆ ಅನುಕೂಲ. ಜೂನ್ ನಡುವಿಗೆ ನೀರು 21–22 ಡಿಗ್ರಿ, ಮೊದಲ ನಿಮಿಷ ಚಳಿ ಹಿಡಿಯುತ್ತದೆ. ಬೆಚ್ಚಗಿನ ನೀರು ಬೇಕಾದರೆ ಆಗಸ್ಟ್, ಸೆಪ್ಟೆಂಬರ್.

ಲೀದೋ ಅಂದರೆ ದುಡ್ಡು ಕೊಟ್ಟು ಮಂಚ, ಕೊಡೆ ಪಡೆಯುವ ಜಾಗ. ಒಂದು ಕೊಡೆ, ಎರಡು ಮಂಚ ಒಂದು ಸೆಟ್ಟು. ಮುಂದಿನ ಸಾಲಿಗೆ ಹೆಚ್ಚು, ಹಿಂದಕ್ಕೆ ಹೋದಂತೆ ಕಡಿಮೆ, ಆಗಸ್ಟಲ್ಲಿ ಎಲ್ಲದಕ್ಕೂ ಹೆಚ್ಚು. ಮಧ್ಯಾಹ್ನದ ಮೇಲೆ ಅರ್ಧ ದಿನದ ದರ ಉಂಟಾ ಅಂತ ಕೇಳಿ. "ಸ್ಪಿಯಾಜ್ಜಾ ಲೀಬೆರಾ" ಬೋರ್ಡಿರುವಲ್ಲಿ ಪುಕ್ಕಟೆ, ನಿಮ್ಮ ಟವೆಲ್ ಹಾಸಬಹುದು. ಲೀದೋ ಮುಂದೆಯೂ ನೀರಿನಂಚಿನ ಐದು ಮೀಟರ್ ಪಟ್ಟಿ ಎಲ್ಲರಿಗೂ ಸೇರಿದ್ದು: ನಡೆಯಬಹುದು, ನೀರಿಗಿಳಿಯಬಹುದು; ಅಲ್ಲಿ ಟವೆಲ್ ಹಾಸಿ ಕೂರುವಂತಿಲ್ಲ. ಜಗಳ ಆಗೋದು ಇಷ್ಟಕ್ಕೇ.

ಬಂಡೆಯ ಪೂರ್ವಕ್ಕೆ ಕಲ್ದೂರಾ ಕಡೆ ಕಲ್ಲಿನ ದಡ. ನೀರು ತಿಳಿ, ಸ್ನಾರ್ಕೆಲ್‌ಗೆ ಬೀಚಿಗಿಂತ ಒಳ್ಳೇದು. ಆದರೆ ಕಲ್ಲಿನ ಸಂದಿಯಲ್ಲಿ ಕಡಲ ಮುಳ್ಳುಚೆಂಡು, ರಿಚ್ಚಿ ಅಂತಾರೆ. ಮುಳ್ಳು ಮುರಿದು ಒಳಗೇ ಉಳಿಯುತ್ತೆ. ರಬ್ಬರ್ ತಳದ ನೀರಿನ ಶೂ ಹಾಕದೆ ಇಳಿಯಬೇಡಿ.

ಜೆಲ್ಲಿ ಮೀನು ಕೆಲವು ದಿನ ಬರುತ್ತೆ, ನೇರಳೆ ಬಣ್ಣದ್ದು. ತಾಗಿದರೆ ಸಮುದ್ರದ ನೀರಲ್ಲೇ ತೊಳೆಯಿರಿ. ಸಿಹಿನೀರು ಸುರಿದರೆ ಚರ್ಮಕ್ಕಂಟಿದ ಕುಟುಕು ಕೋಶಗಳು ಒಡೆದು ಉರಿ ಹೆಚ್ಚುತ್ತೆ. ಉಜ್ಜಬೇಡಿ, ಎಳೆ ಅಂಟಿದ್ದರೆ ಎಟಿಎಂ ಕಾರ್ಡಿನ ಅಂಚಿಂದ ಮೆಲ್ಲಗೆ ಕೆರೆದು ತೆಗೆಯಿರಿ. ಔಷಧಿ ಅಂಗಡಿಯಲ್ಲಿ ಅಲ್ಯೂಮಿನಿಯಂ ಕ್ಲೋರೈಡ್ ಜೆಲ್ ಕೇಳಿ. ಉಸಿರು ಕಟ್ಟಿದ ಹಾಗಾದರೆ 112. ಸಮುದ್ರದಲ್ಲೇ ಅವಘಡ ಆದರೆ ಕರಾವಳಿ ಕಾವಲಿನವರದು 1530.

ಬಿಸಿಲುಕುದುರೆ
ಸೂರ್ಯಾಸ್ತಕ್ಕೆ ಕಾಪೋ ಮರ್ಕಿಯಾಫಾವಾ ಬುರುಜು. ಹಳೇ ಕೋಟೆಯ ಕಾವಲು ಕಟ್ಟೆ, ಈಗ ಕೂರೋ ಜಾಗ. ಜೂನ್‌ನಲ್ಲಿ ಸೂರ್ಯ ಎಂಟೂವರೆ ಸುಮಾರಿಗೆ ಸಮುದ್ರಕ್ಕೇ ಇಳಿಯುತ್ತಾನೆ. ಚಳಿಗಾಲದಲ್ಲಿ ನೈಋತ್ಯಕ್ಕೆ ಸರಿದು ನೆಲದ ಕಡೆ ಮುಳುಗೋದರಿಂದ ಆ ಮಜಾ ಇಲ್ಲ.

ಪುಳಿಯೋಗರೆ
ಊಟ. ಮೊಟ್ಟೆಯೂ ಇಲ್ಲ ಅಂದ್ರೆ ಸ್ವಲ್ಪ ಕಷ್ಟ, ಆದರೆ ಉಪವಾಸ ಬೀಳಲ್ಲ. "ವೆಜಿಟೇರಿಯನ್" ಅಂದರೆ ಮೀನು ನಡೆಯುತ್ತೆ ಅಂದುಕೊಳ್ಳೋರು ಅಲ್ಲಿ ಇನ್ನೂ ಇದ್ದಾರೆ. ಅದಕ್ಕೆ ಒಂದೊಂದನ್ನೂ ಹೆಸರಿಟ್ಟು ಹೇಳಿ: ಸೆಂತ್ಸಾ ಕಾರ್ನೆ (ಮಾಂಸ ಬೇಡ), ಸೆಂತ್ಸಾ ಪೆಶೆ (ಮೀನು ಬೇಡ), ಸೆಂತ್ಸಾ ಅಚ್ಚೂಗೆ (ಆಂಚೊವಿ ಅನ್ನುವ ಸಣ್ಣ ಮೀನು ಬೇಡ), ಸೆಂತ್ಸಾ ವೋವಾ (ಮೊಟ್ಟೆ ಬೇಡ).

ಮೋಸ ಮಾಡುವ ತಿಂಡಿಗಳು: ಅರಂಚಿನಾ (ಕರಿದ ಅನ್ನದ ಉಂಡೆ) "ಅಲ್ ಬುರ್ರೋ" ಅಂದರೆ ಬೆಣ್ಣೆಯದ್ದು ಅಂತ ಸಸ್ಯಾಹಾರ ಅಂದುಕೊಂಡು ತಗೋತಾರೆ, ಒಳಗೆ ಹಂದಿ ಮಾಂಸದ ಹ್ಯಾಮ್ ಇರುತ್ತೆ. ಸ್ಫಿಂಚೋನೆ ಅನ್ನುವ ದಪ್ಪ ಪಿಜ್ಜಾ ಮೇಲೆ ಈರುಳ್ಳಿ ಮಾತ್ರ ಕಾಣುತ್ತೆ, ಆಂಚೊವಿ ಅದರಲ್ಲೇ ಕರಗಿರುತ್ತೆ. ಕನ್ನೋಲಿಯ ಗರಿಗರಿ ಕೊಳವೆಗೆ ಸಾಂಪ್ರದಾಯಿಕವಾಗಿ ಹಂದಿ ಕೊಬ್ಬು ಹಾಕುತ್ತಾರೆ. ಗಟ್ಟಿ ಚೀಸುಗಳಲ್ಲಿ ಬಹುಪಾಲು ಕರುವಿನ ಅಥವಾ ಕುರಿಮರಿಯ ರೆನೆಟ್, ಅಂದರೆ ಹಾಲು ಒಡೆಯಲು ಅವುಗಳ ಹೊಟ್ಟೆಯಿಂದ ತೆಗೆಯುವ ಹೆಪ್ಪು. ಅದನ್ನೂ ಬಿಡೋರಾದರೆ "ಸೆಂತ್ಸಾ ಫೊರ್ಮಾಜ್ಜೋ" (ಚೀಸ್ ಬೇಡ) ಸೇರಿಸಿ. ಊರಿನ ಸ್ವಂತ ಅಡುಗೆ ಪಾಸ್ತಾ ಆ ತಯಾನು, ಬದನೆಕಾಯಿ ಜೊತೆ ಮಾಂಸ ಪದರ ಪದರ. ನಿಮಗೆ ಲೆಕ್ಕಕ್ಕಿಲ್ಲ.

ಧೈರ್ಯವಾಗಿ ತಿನ್ನಬಹುದಾದ್ದು: ಪಿಜ್ಜಾ ಮರಿನಾರಾ (ಟೊಮ್ಯಾಟೊ, ಬೆಳ್ಳುಳ್ಳಿ, ಒರೆಗಾನೋ ಅಷ್ಟೇ), ಕಪೊನಾತಾ, ಅಂದರೆ ಬದನೆಕಾಯಿಗೆ ವಿನೆಗರ್, ಸಕ್ಕರೆ ಹಾಕಿದ ಹುಳಿ–ಸಿಹಿ ಪಲ್ಯ, ಆಮೇಲೆ ಪನೆಲ್ಲೆ. ಪನೆಲ್ಲೆ ನಮ್ಮ ಕಡಲೆಹಿಟ್ಟಿನದ್ದೇ: ಹಿಟ್ಟನ್ನು ಮುದ್ದೆಯ ಹಾಗೆ ಬೇಯಿಸಿ, ತೆಳ್ಳಗೆ ಹರಡಿ, ಆರಿದ ಮೇಲೆ ಕತ್ತರಿಸಿ ಕರಿಯೋದು. ಅದೇ ಎಣ್ಣೆಯಲ್ಲಿ ಮೀನು ಕರಿದಿದ್ದಾರಾ ಅಂತ ಕೇಳಿಕೊಳ್ಳಿ. ಪಾಸ್ತಾ ಆಲ್ಲಾ ನೋರ್ಮಾಗೆ (ಬದನೆಕಾಯಿ, ಟೊಮ್ಯಾಟೊ ಪಾಸ್ತಾ) ಒಣ ಪಾಸ್ತಾ ಹಾಕಿದರೆ ಮೊಟ್ಟೆ ಇರಲ್ಲ. "ಫ್ರೆಸ್ಕಾ" (ತಾಜಾ ಪಾಸ್ತಾ) ಅಂದರೆ ಮೊಟ್ಟೆ ಇರಬಹುದು. ನಿಂಬೆ ಗ್ರನೀತಾ ಅನ್ನುವ ಐಸ್ ತಿನಿಸಲ್ಲಿ ನೀರು, ಸಕ್ಕರೆ, ನಿಂಬೆರಸ ಅಷ್ಟೇ. ಜೊತೆಗೆ ಕೊಡುವ ಬ್ರಿಯೋಶ್ ಬನ್ನಲ್ಲಿ ಮೊಟ್ಟೆ ಇರುತ್ತೆ, ಅದನ್ನು ಬಿಡಿ.

ರಾತ್ರಿ ಅಡುಗೆಮನೆ ತೆರೆಯೋದೇ ಏಳೂವರೆಗೆ. ಬಿಲ್ಲಲ್ಲಿ "ಕೊಪೆರ್ತೋ" ಅಂತ ತಲೆಗಿಷ್ಟು ಸೇರಿರುತ್ತೆ, ಮೆನುವಲ್ಲಿ ಸಣ್ಣಕ್ಷರದಲ್ಲಿ ಬರೆದಿರ್ತಾರೆ, ಮೋಸ ಅಲ್ಲ. ಕಾಫಿ ಕೌಂಟರಲ್ಲಿ ನಿಂತು ಕುಡಿದರೆ ಒಂದು ಬೆಲೆ, ಕೂತರೆ ಇನ್ನೊಂದು.

ರೈಲುಬಂಡಿ
ಪಲೆರ್ಮೋ ಚೆಂತ್ರಾಲೆಯಿಂದ ರೆಜೊನಾಲೆ ರೈಲು, ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಮುಂಗಡ ಕೊಂಡರೂ ಆಗಲೇ ಕೊಂಡರೂ ದರ ಒಂದೇ, ಸೀಟು ಸಂಖ್ಯೆ ಇಲ್ಲ. ಹೋಗುವಾಗ ಎಡಗಡೆ ಕಿಟಕಿ ಹಿಡಿಯಿರಿ, ಸಮುದ್ರ ಆ ಕಡೆ. ದಂಡ ಬೀಳೋದು ಇಲ್ಲಿ: ಕಾಗದದ ಟಿಕೆಟ್ ಆದರೆ ಹತ್ತುವ ಮುಂಚೆ ಪ್ಲಾಟ್‌ಫಾರಂನ ಯಂತ್ರಕ್ಕೆ ತೂರಿಸಿ ಮುದ್ರೆ ಒತ್ತಿಸಬೇಕು, ಮೊಬೈಲ್ ಟಿಕೆಟ್ ಆದರೆ ಚೆಕ್–ಇನ್ ಒತ್ತಬೇಕು. ಟಿಕೆಟ್ ಕೈಯಲ್ಲಿದ್ದೂ ಇದನ್ನು ಮರೆತರೆ ಟಿಸಿ ನಿಮ್ಮ ಮಾತು ಕೇಳಲ್ಲ.

ವೇಳಾಪಟ್ಟಿಯಲ್ಲಿ "ಫೆರಿಯಾಲೆ" ಕೆಲಸದ ದಿನ, "ಫೆಸ್ತೀವೋ" ಭಾನುವಾರ ಮತ್ತು ರಜೆ. ಭಾನುವಾರ ರೈಲು ಕಡಿಮೆ. "ಶೋಪೆರೋ", ಅಂದರೆ ಮುಷ್ಕರ, ಘೋಷಣೆ ಆಗಿದ್ದರೆ ಕೆಲಸದ ದಿನ ಬೆಳಗ್ಗೆ 6ರಿಂದ 9, ಸಂಜೆ 18ರಿಂದ 21ರವರೆಗೆ ಖಾತರಿ ರೈಲುಗಳು ಓಡುತ್ತವೆ, ಅದಕ್ಕೆ ಹೊಂದಿಸಿಕೊಳ್ಳಿ.

ಸ್ಟೇಷನ್ನಿಂದ ಕೆಥೆಡ್ರಲ್ ಹತ್ತು–ಹದಿನೈದು ನಿಮಿಷದ ನಡಿಗೆ. ಹಳೇ ಊರಿನ ಓಣಿ ಕಲ್ಲುಹಾಸು, ಸೂಟ್‌ಕೇಸ್ ಗಾಲಿ ಕುಣಿಯುತ್ತೆ. ಒಂದು ರಾತ್ರಿಗಾದರೆ ಬೆನ್ನಿಗೆ ಹಾಕೋ ಬ್ಯಾಗ್ ಸಾಕು.

ಗಾಳಿಪಟ
ಬಾಡಿಗೆ ಕಾರು ಬೇಡವಾ ಹಾಗಾದ್ರೆ?

ರೈಲುಬಂಡಿ
ಚೆಫಲೂಗೆ ಮಾತ್ರ ಆದರೆ ಬೇಡ. ಹಳೇ ಊರು ಝಡ್‌ಟಿಎಲ್, ಅಂದರೆ ವಾಹನ ನಿರ್ಬಂಧದ ವಲಯ, ಹೊರಗಿನ ವಾಹನ ನುಗ್ಗಿದರೆ ದಂಡದ ಚೀಟಿ ಬಾಡಿಗೆ ಕಂಪನಿ ಮೂಲಕ ತಿಂಗಳುಗಳಾದ ಮೇಲೆ ಬರುತ್ತೆ, ಜೊತೆಗೆ ಅವರ ಶುಲ್ಕ ಬೇರೆ. ರಸ್ತೆ ಮೇಲೆ ನೀಲಿ ಗೆರೆ ದುಡ್ಡಿನ ಪಾರ್ಕಿಂಗ್, ಬಿಳಿ ಪುಕ್ಕಟೆ, ಹಳದಿ ಮೀಸಲು. ಭಾರತದ ಲೈಸೆನ್ಸ್ ಜೊತೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕೇ ಬೇಕು, ಹೊರಡೋಕೆ ಮುಂಚೆ ನಿಮ್ಮ ಆರ್‌ಟಿಓದಲ್ಲಿ ಮಾಡಿಸಿ.

ಕಾರು ದುಡ್ಡಿಗೆ ಸಮ ಅನ್ನಿಸೋದು ಎರಡನೇ ದಿನ ಬೆಟ್ಟದ ಕಡೆ ಹೋಗೋದಾದರೆ. ಜಿಬಿಲ್‌ಮನ್ನಾ ಯಾತ್ರಾಸ್ಥಳ ಸುಮಾರು 800 ಮೀಟರ್ ಎತ್ತರದಲ್ಲಿ, ಕೆಳಗಿಗಿಂತ ಹಲವು ಡಿಗ್ರಿ ತಂಪು. ಇನ್ನೂ ಒಳಗೆ ಕಸ್ತೆಲ್‌ಬುವೋನೋ, ವೆಂತಿಮೀಲಿಯಾ ಮನೆತನದ ಕೋಟೆ.

ಪುಳಿಯೋಗರೆ
ಕಸ್ತೆಲ್‌ಬುವೋನೋಗೆ ಹೋದರೆ ಮನ್ನಾ ಕೇಳಿ ಕೊಳ್ಳಿ. ಆ ಬೆಟ್ಟದ ಆಶ್ ಮರದ ತೊಗಟೆಗೆ ಬೇಸಿಗೆಯಲ್ಲಿ ಗೀರು ಹಾಕುತ್ತಾರೆ, ಒಸರುವ ರಸ ಒಣಗಿ ಬಿಳಿ ಕಡ್ಡಿಯಾಗುತ್ತೆ. ಮಳೆ ಬಿದ್ದರೆ ಆ ಸಲದ ಒಸರು ತೊಳೆದು ಹೋಯ್ತು ಅಂತಲೇ. ಸಿಹಿ ಹೆಚ್ಚಾಗಿ ಮ್ಯಾನಿಟಾಲ್‌ನದ್ದು, ಜಾಸ್ತಿ ತಿಂದರೆ ಹೊಟ್ಟೆ ಸಡಿಲ. ಹೊಸ ಕೊಯ್ಲು ಜುಲೈ ಮೇಲೆ. ಜೂನ್‌ನಲ್ಲಿ ಸಿಗೋದು ಹಿಂದಿನ ವರ್ಷದ್ದು.

ಉಪ್ಪುನೀರು
ಏಯೋಲಿಯನ್ ದ್ವೀಪಗಳಿಗೆ ಬೇಸಿಗೆಯಲ್ಲಿ ಬಂಡೆಯ ಆಚೆ ಬದಿಯ ಪ್ರೆಸಿದಿಯಾನಾ ಬಂದರಿಂದ ದಿನದ ದೋಣಿ ಹೊರಡುತ್ತೆ, ಆ ಬಗ್ಗೆಯೂ ಯಾರಾದ್ರೂ ಕೇಳ್ತಾರೆ ಅಂತ ಮುಂಚೆನೇ ಹೇಳ್ತೀನಿ. ಇಡೀ ದಿನ ಹೋಗುತ್ತೆ, ಅರ್ಧ ಭಾಗ ದೋಣಿಯಲ್ಲೇ. ಗಾಳಿ ಎದ್ದರೆ ರದ್ದು. ಅಪ್ಪ ಅಮ್ಮನ ಜೊತೆ ಒಂದೇ ರಾತ್ರಿ ಇರೋದಾದರೆ ಬೇಡ. ದ್ವೀಪವೇ ಗುರಿ ಅನ್ನೋರು ಮಿಲಾತ್ಸೋ ಬಂದರಿಗೆ ಹೋಗಿ, ಅಲ್ಲಿಂದ ವರ್ಷವಿಡೀ ಹೈಡ್ರೋಫಾಯಿಲ್ (ವೇಗದ ದೋಣಿ) ಇದೆ.

ಗಾಳಿಪಟ
ಸರಿ, ಹೀಗೆ ಮಾಡ್ತೀವಿ: ಮೊದಲ ದಿನ ಮಧ್ಯಾಹ್ನದ ರೈಲು, ನಾಲ್ಕರ ಮೇಲೆ ಕೆಥೆಡ್ರಲ್, ಸಂಜೆ ಬುರುಜು. ಮರುದಿನ ಬೆಳಗ್ಗೆ ನಾನೊಬ್ಬ ಬಂಡೆ, ಅವರಿಬ್ಬರೂ ಬಂದರಿನ ಕಟ್ಟೆ. ಆಮೇಲೆ ಮ್ಯೂಸಿಯಂ, ಊಟ, ಬೀಚು, ಆರರ ಮೇಲಿನ ರೈಲು. ಸರಿ ಇದೆಯಾ?

ಕಲ್ಲುಮಂಟಪ
ಒಂದೇ ತಿದ್ದುಪಡಿ. ಕೋಣೆ ಹಿಡಿಯುವಾಗ ಎಷ್ಟನೇ ಮಹಡಿ, ಲಿಫ್ಟ್ ಇದೆಯಾ ಅಂತ ಬರೆದು ಕೇಳಿ. ಹಳೇ ಊರಿನ ಮನೆಗಳು ಕಿರಿದು, ಮೆಟ್ಟಿಲು ಕಡಿದು, ಎಷ್ಟೋ ಕಡೆ ಲಿಫ್ಟೇ ಇಲ್ಲ. "ಪ್ರೀಮೋ ಪಿಯಾನೋ" ಅಂದರೆ ನೆಲಮಹಡಿಯ ಮೇಲಿನದು. ನೆಲಮಟ್ಟದ್ದು ಬೇಕಾದರೆ "ಪಿಯಾನೋ ತೆರ್ರಾ". ಅಮ್ಮನ ಮಂಡಿಯನ್ನು ಬಂಡೆಯಿಂದ ಉಳಿಸಿ ಹೋಟೆಲ್ ಮೆಟ್ಟಿಲಿಗೆ ಕೊಡಬೇಡಿ. ಸ್ಟೇಷನ್ ಮತ್ತು ಬೀಚಿನ ನಡುವಿನ ಹೊಸ ಊರಲ್ಲಿ ಲಿಫ್ಟ್ ಇರುವ ಕಟ್ಟಡ ಹೆಚ್ಚು, ನಡೆಯೋ ದೂರವೂ ಹೆಚ್ಚೇನಿಲ್ಲ.

ಬಿಸಿಲುಕುದುರೆ
ಇದನ್ನು ಓದಿ ಆಗಸ್ಟಿಗೆ ಹೋಗೋರು ಯಾರಾದ್ರೂ ಇದ್ದರೆ: 2ರಿಂದ 6ರವರೆಗೆ ಊರ ಪೋಷಕ ಸಂತಿಸ್ಸಿಮೋ ಸಾಲ್ವತೋರೆಯ ಹಬ್ಬ. 6ರಂದು ಹಳೇ ಬಂದರಲ್ಲಿ ನೀರಿನ ಮೇಲೆ ಅಡ್ಡ ಚಾಚಿದ ಕಂಬಕ್ಕೆ ಜಿಡ್ಡು ಬಳಿದು, ಅದರ ಮೇಲೆ ನಡೆದು ತುದಿಯ ಬಾವುಟ ಕಿತ್ತುಕೊಳ್ಳೋ ಸ್ಪರ್ಧೆ, 'ನ್ತಿನ್ನಾ ಆ ಮಾರಿ ಅಂತಾರೆ. ಬಹುಪಾಲು ಜನ ಮೂರನೇ ಹೆಜ್ಜೆಗೇ ನೀರಿಗೆ. ನೋಡೋಕೆ ಜಾಗ ಬೇಕಾದರೆ ಒಂದೆರಡು ಗಂಟೆ ಮುಂಚೆ ಕಟ್ಟೆ ಹಿಡಿಯಿರಿ, ಕೋಣೆ ಬಹಳ ಮುಂಚೆ ಹಿಡಿಯಿರಿ.